ಮೊದಲ ದುಡ್ಡು ಯಾವುದಕ್ಕೆ? ಅಪ್ಪನ ಆಡಿಯೋ ಸೆಟ್ ಮತ್ತೆ ಕಟ್ಟಿದ ಕತೆ

ನಮ್ಮಪ್ಪನಿಗೆ ಕಛೇರಿ ಕೇಳುವುದೆಂದರೆ ಪ್ರಾಣ. ಬೆಳಗ್ಗೆ ಎದ್ದರೆ ಮೈಸೂರು ಆಕಾಶವಾಣಿ, 100.6. ರಾತ್ರಿ ಊಟ ಆದ ಮೇಲೆ ನನ್ನ ಫೋನಿನಿಂದ ಯಾವುದಾದರೂ ಹಳೇ ಕಛೇರಿ. ಎರಡು ವರ್ಷದಿಂದ ಇದೆಲ್ಲ ನಡೆಯುತ್ತಿದ್ದದ್ದು ಅಂಗೈ ಅಗಲದ ಒಂದು ಬ್ಲೂಟೂತ್ ಡಬ್ಬಿಯಲ್ಲಿ. ಅದರಲ್ಲಿ ಮೃದಂಗದ ಬಲಗಡೆ ಮಾತ್ರ ಕೇಳಿಸುತ್ತದೆ. ಎಡಗಡೆ ಏನು ನುಡಿಯಿತು ಅನ್ನುವುದನ್ನು ನಾವೇ ಊಹಿಸಿಕೊಳ್ಳಬೇಕು. ಒಂದು ಕಾಲದಲ್ಲಿ ತಾನೂ ಮೃದಂಗ ಕಲಿತ ಮನುಷ್ಯನಿಗೆ ಇದು ಎಂಥ ಕಷ್ಟ ಅಂತ ನನಗೆ ಗೊತ್ತಿತ್ತು. ಕ್ಯಾಸೆಟ್‌ಗಳಂತೂ ಬೀರುವಿನಲ್ಲಿ ಸುಮ್ನೆ ಕೂತಿದ್ದವು.

ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅಂತ 35,000 ರೂಪಾಯಿ ತೆಗೆದಿಟ್ಟೆ. ಒಂದು ಶನಿವಾರ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಸುತ್ತಿದೆ. ನನ್ನ ಚೀಟಿಯಲ್ಲಿ ಮೊದಲ ಸಾಲು ಆಂಪ್ಲಿಫೈಯರ್. ಅದಕ್ಕೇ 22,000 ಬರೆದುಕೊಂಡಿದ್ದೆ. ಉಳಿದದ್ದರಲ್ಲಿ ಸ್ಪೀಕರ್, ವೈರು, ಇತ್ಯಾದಿ. ಒಂದು ಅಂಗಡಿಯಲ್ಲಿ, "ಪವರ್ ಜಾಸ್ತಿ ಇರೋದು ತಗೊಳ್ಳಿ ಸಾರ್, ಆಮೇಲೆ ಯಾವ ಸ್ಪೀಕರ್ ಹಾಕಿದ್ರೂ ನಡೆಯುತ್ತೆ" ಅಂದರು. ಇನ್ನೊಂದು ಅಂಗಡಿಯಲ್ಲಿ ಮೀಟರಿಗೆ 900 ರೂಪಾಯಿಯ ಸ್ಪೀಕರ್ ವೈರ್ ತೋರಿಸಿದರು. ಏನೂ ಕೊಳ್ಳದೆ ರಾತ್ರಿ ರೈಲಿಗೆ ವಾಪಸ್ ಬಂದೆ. ಮನೆಯಲ್ಲಿ ಏನಿದೆ, ಅದರಲ್ಲಿ ಯಾವುದು ಕೆಟ್ಟಿದೆ ಅಂತ ನೋಡದೆ ದುಡ್ಡು ಕೊಡಲು ಮನಸ್ಸು ಬರಲಿಲ್ಲ.

ಮನೆಯಲ್ಲಿ ಇದ್ದದ್ದು ಇಷ್ಟು. ತೊಂಬತ್ತರ ದಶಕದ ಒಂದು ಸ್ಟೀರಿಯೋ ಆಂಪ್ಲಿಫೈಯರ್, ಒಂದೊಂದು ಕಡೆಗೆ 40 ವ್ಯಾಟ್. ಒಂದು ಕ್ಯಾಸೆಟ್ ಡೆಕ್. ಅಟ್ಟದ ಮೇಲೆ, ಹಳೇ ಸೀರೆ ಸುತ್ತಿ ಇಟ್ಟಿದ್ದ ಎರಡು ಸ್ಪೀಕರ್ ಪೆಟ್ಟಿಗೆ. ತಗ್ಗಿನ ಸ್ವರಕ್ಕೆ 8 ಇಂಚಿನ ವೂಫರ್, ಮೇಲಿನ ಸ್ವರಕ್ಕೆ 1 ಇಂಚಿನ ಟ್ವೀಟರ್. ಹಿಂದಿನ ಲೇಬಲ್ ಮೇಲೆ 8 ಓಮ್, 89 ಡೆಸಿಬೆಲ್ ಅಂತ ಅಚ್ಚಾಗಿತ್ತು. ಆಂಪ್ಲಿಫೈಯರಿನ 40 ವ್ಯಾಟ್ ಅಂದರೆ ನಿಜವಾದ 40, ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲದ್ದು. ಆ ಕಾಲದಲ್ಲಿ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಸಾವಿರ ಸಾವಿರ ಅಂತ ಬರೆಯುತ್ತಿದ್ದ, ಕ್ಷಣ ಮಾತ್ರದ ಲೆಕ್ಕದ ಪಿಎಂಪಿಓ ವ್ಯಾಟ್ ಅಲ್ಲ. ಆ ಲೆಕ್ಕವನ್ನು ಯಾವತ್ತೂ ನಂಬಬೇಡಿ.

ಪೆಟ್ಟಿಗೆಯ ಮುಂದಿನ ಬಟ್ಟೆ ತೆಗೆದ ಕೂಡಲೇ ಕಾಯಿಲೆ ಗೊತ್ತಾಯಿತು. ವೂಫರಿನ ಕೋನ್ ಸುತ್ತ ಫೋಮಿನ ಬಳೆ ಇರುತ್ತದಲ್ಲ, ಅದು ಮುಟ್ಟಿದರೆ ಪುಡಿ. ಬೆರಳಿಗೆ ಕಪ್ಪಗೆ ಅಂಟು ಅಂಟಾಗಿ ಹತ್ತಿತು. ಈ ಫೋಮ್ ಗಾಳಿಯ ತೇವಕ್ಕೆ ತಾನಾಗೇ ಕೊಳೆಯುತ್ತದೆ. ಹತ್ತು ಹದಿನೈದು ವರ್ಷ ಬಂದರೆ ಹೆಚ್ಚು. ಸ್ಪೀಕರ್ ಉಪಯೋಗಿಸದೆ ಸುಮ್ನೆ ಇಟ್ಟಿದ್ದರೂ ಬಿಡುವುದಿಲ್ಲ. ರಬ್ಬರಿನ ಬಳೆ ಇರುವ ಸ್ಪೀಕರಿಗೆ ಈ ಕಾಟ ಇಲ್ಲ. ಹಾಗಾಗಿ ಹಳೇ ಸ್ಪೀಕರ್ ಕೊಳ್ಳುವವರು ಮೊದಲು ಬಟ್ಟೆ ತೆಗೆದು ಬಳೆಯನ್ನು ಮೆತ್ತಗೆ ಒತ್ತಿ ನೋಡಬೇಕು.

ಹೊಸ ಫೋಮ್ ಬಳೆ ಆನ್‌ಲೈನಿನಲ್ಲಿ ಜೋಡಿಗೆ 900 ರೂಪಾಯಿ. "8 ಇಂಚು" ಅಂತ ಮಾತ್ರ ನೋಡಿ ತರಿಸಬಾರದು. ಚೌಕಟ್ಟಿನ ಒಳ ಅಳತೆ, ಕೋನಿನ ಅಂಚಿನ ಅಳತೆ, ಎರಡನ್ನೂ ಮಿಲಿಮೀಟರಿನಲ್ಲಿ ತೆಗೆದುಕೊಂಡು ಹೊಂದಿಸಬೇಕು.

ಹಳೇ ಫೋಮ್ ಕೀಳುವುದೇ ಒಂದು ಭಾನುವಾರ ತಿಂದಿತು. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ, ಕೋನಿನ ಅಂಚಿಗೆ ಒತ್ತಿ, ಎರಡು ನಿಮಿಷ ಬಿಟ್ಟು ಮರದ ಐಸ್‌ಕ್ರೀಂ ಚಮಚದಿಂದ ಕೆರೆದೆ. ಲೋಹದ ಚಾಕು ಬೇಡ. ಕೋನು ಕಾಗದದ್ದು, ಒಂದೇ ಏಟಿಗೆ ಹರಿಯುತ್ತದೆ. ಆಮೇಲೆ ಬಿಳಿ ಅಂಟು. ಫೆವಿಕಾಲ್ ತರಹದ್ದೇ ಸಾಕು, ತಕ್ಷಣ ಕಚ್ಚುವ ಅಂಟು ಬೇಡವೇ ಬೇಡ. ಯಾಕೆಂದರೆ ಇಲ್ಲಿ ಕಷ್ಟ ಅಂಟಿಸುವುದರಲ್ಲಿಲ್ಲ, ನಡುವಿಗೆ ನಿಲ್ಲಿಸುವುದರಲ್ಲಿದೆ. ಕೋನಿನ ಹಿಂದೆ ತಂತಿಯ ಸುರುಳಿ ಇದೆ. ಅದು ಆಯಸ್ಕಾಂತದ ಸಂದಿಯಲ್ಲಿ ಆಡಬೇಕು. ಎರಡು ಕಡೆಯೂ ಉಳಿಯುವ ಜಾಗ ಕೂದಲೆಳೆಯಷ್ಟು. ಕೋನು ಸ್ವಲ್ಪ ವಾಲಿದರೂ ಸುರುಳಿ ಗೋಡೆಗೆ ಉಜ್ಜುತ್ತದೆ.

ನಾನು ಹೀಗೆ ಮಾಡಿದೆ. ಮೊದಲು ಬಳೆಯ ಒಳ ಅಂಚನ್ನು ಕೋನಿಗೆ ಅಂಟಿಸಿ ಒಂದು ರಾತ್ರಿ ಬಿಟ್ಟೆ. ಮರುದಿನ ಹೊರ ಅಂಚಿಗೆ ಅಂಟು ಹಚ್ಚಿ ಚೌಕಟ್ಟಿಗೆ ಕೂರಿಸಿದೆ. ಅಂಟು ಇನ್ನೂ ಹಸಿ ಇರುವಾಗಲೇ ಆಂಪ್ಲಿಫೈಯರಿನಿಂದ 30 ಹರ್ಟ್ಜಿನ (ಸೆಕೆಂಡಿಗೆ 30 ಕಂಪನದ) ಸ್ವರವನ್ನು ತುಂಬ ಸಣ್ಣಗೆ ಬಿಟ್ಟೆ. ಕೋನು ಉಸಿರಾಡುವ ಹಾಗೆ ಹಿಂದೆ ಮುಂದೆ ಹೋಗುತ್ತದೆ. ಕಿವಿಯನ್ನು ಹತ್ತಿರ ಇಟ್ಟು ಕೇಳಬೇಕು. ಸರಿ ಇದ್ದರೆ ಬರೀ ಗಾಳಿಯ ಸದ್ದು. ಉಜ್ಜುತ್ತಿದ್ದರೆ ಒಳಗಿನಿಂದ ಕರಕರ ಅನ್ನುತ್ತದೆ. ಬೆರಳ ತುದಿಯಿಂದ ಬಳೆಯನ್ನು ಒಂದು ಕಡೆಗೆ ಅರ್ಧ ಮಿಲಿಮೀಟರ್ ಸರಿಸಿದರೆ ಕರಕರ ನಿಲ್ಲುತ್ತದೆ. ನಿಂತ ಜಾಗದಲ್ಲಿ ಬಟ್ಟೆ ಕ್ಲಿಪ್ ಹಾಕಿ 24 ಗಂಟೆ ಮುಟ್ಟಬಾರದು. ಎಡಗಡೆಯದು ಮೊದಲ ಸಲಕ್ಕೇ ಕೂತಿತು. ಬಲಗಡೆಯದು ಒಣಗುವಾಗ ಜರುಗಿತ್ತು. ಪೂರ್ತಿ ಕಿತ್ತು ಮತ್ತೆ ಮಾಡಿದೆ.

ಎಡಗಡೆಯ ಟ್ವೀಟರ್ ಮಂಕಾಗಿತ್ತು. ಹಿಂದೆ ಬಿಚ್ಚಿ ನೋಡಿದರೆ ಅದರ ದಾರಿಯಲ್ಲಿ ತಗ್ಗಿನ ಸ್ವರ ತಡೆಯುವ ಒಂದೇ ಒಂದು ಕೆಪಾಸಿಟರ್, 4.7 ಮೈಕ್ರೋಫ್ಯಾರಡ್. ಮೀಟರಿನಲ್ಲಿ ಅಳೆದರೆ 3.2. ಲೆಕ್ಕ ಸರಳ. 8 ಓಮಿನ ಟ್ವೀಟರಿಗೆ 4.7 ಇದ್ದರೆ ಸುಮಾರು 4,200 ಹರ್ಟ್ಜಿನಿಂದ ಮೇಲಿನದು ದಾಟುತ್ತದೆ. 3.2ಕ್ಕೆ ಇಳಿದರೆ ಆ ಗಡಿ 6,200ಕ್ಕೆ ಏರುತ್ತದೆ. ನಡುವಿನ ಸ್ವರವೆಲ್ಲ ಸೊರಗುತ್ತದೆ. ಪಿಟೀಲಿನ ಹೊಳಪು ಇರುವುದೇ ಅಲ್ಲಿ. ಎರಡೂ ಪೆಟ್ಟಿಗೆಗೆ ಹೊಸ ಪಾಲಿಪ್ರೊಪಿಲಿನ್ ಕೆಪಾಸಿಟರ್ ಹಾಕಿದೆ. ಹಿಡಿದುಕೊಳ್ಳುವ ಕ್ಲಿಪ್ಪು, ಬೆಸುಗೆ ಸೀಸ ಎಲ್ಲ ಸೇರಿ 600 ರೂಪಾಯಿ.

ಪೆಟ್ಟಿಗೆ ಮುಚ್ಚುವ ಮೊದಲು 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಸ್ಪೀಕರಿನ ಎರಡು ಕೊನೆಗೆ ಕ್ಷಣ ಮಾತ್ರ ತಾಗಿಸಿ ನೋಡಿ. ಪ್ಲಸ್‌ಗೆ ಪ್ಲಸ್ ಸೇರಿಸಿದಾಗ ವೂಫರಿನ ಕೋನು ಮುಂದಕ್ಕೆ ಬರಬೇಕು. ಎರಡು ಪೆಟ್ಟಿಗೆಯಲ್ಲಿ ಒಂದು ತಿರುಗು ಮುರುಗಾದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ತಗ್ಗಿನ ಸ್ವರ ಅಳಿಸಿಹೋಗುತ್ತದೆ, ಹಾಡುವವರು ನಡುವಿನಲ್ಲಿ ಕೂತ ಹಾಗೆ ಕೇಳಿಸುವುದಿಲ್ಲ.

ಆಂಪ್ಲಿಫೈಯರಿಗೆ ನಾನು ಮಾಡಿದ್ದು ಕಡಿಮೆ. ವಾಲ್ಯೂಮ್ ತಿರುಗಿಸಿದರೆ ಚರಚರ ಅನ್ನುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಐವತ್ತು ಸಲ ಆ ಕಡೆ ಈ ಕಡೆ ತಿರುಗಿಸಿದೆ, ಹೋಯಿತು. ಸ್ಪೀಕರ್ ಸೇರಿಸುವ ಮುಂಚೆ ಹಾಡು ಇಲ್ಲದೆ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟ್ ಅಳೆದೆ. ಎಡಕ್ಕೆ 18 ಮಿಲಿವೋಲ್ಟ್, ಬಲಕ್ಕೆ 11. 50ರ ಒಳಗಿದ್ದರೆ ನಿಶ್ಚಿಂತೆ. ವೋಲ್ಟ್ ಲೆಕ್ಕದಲ್ಲಿ ಬಂದರೆ ಸ್ಪೀಕರ್ ಸುಡುತ್ತದೆ, ಸೇರಿಸಲೇಬೇಡಿ.

ಆ ರಾತ್ರಿ ಪೆಟ್ಟಿಗೆಗಳನ್ನು ಹಾಲಿನ ಶೋಕೇಸಿನ ಗೂಡುಗಳಲ್ಲಿ ಇಟ್ಟು ಒಂದು ಕಛೇರಿ ಹಾಕಿದೆ. ಅಪ್ಪ ಗೋಡೆಗೆ ಒರಗಿದ್ದ ಸೋಫಾದಲ್ಲಿ ಕೂತರು. ಪಿಟೀಲು ಬಂತು. ಅಪ್ಪನ ಮುಖ ಅರಳಿತು. ತನಿ, ಅಂದರೆ ಮೃದಂಗ ತಾನೇ ನುಡಿಯುವ ಭಾಗ, ಶುರುವಾಯಿತು. ಎರಡು ಆವರ್ತ ಕೇಳಿ ಹುಬ್ಬು ಗಂಟಿಕ್ಕಿದರು.

"ಎಡಗಡೆ ಯಾಕೋ ಹೀಗೆ ಎಳೀತಿದೆ? ಹೊಡೆದದ್ದೆಲ್ಲ ಗುಂಯ್ ಅಂತ ಒಂದೇ ಹಾಗೆ ಕೇಳುತ್ತಲ್ಲ. ರವೆ ಜಾಸ್ತಿ ಮೆತ್ತಿದ ಹಾಗಿದೆ."

ಅಪ್ಪ ಹೇಳಿದ್ದು ಮೃದಂಗದ ಎಡಗಡೆ. ಅದರ ನಾದ ತಗ್ಗಿಸಲು ನಡುವಿಗೆ ಮೆತ್ತುವುದೇ ಆ ರವೆ. ನಿಜ. ಪೆಟ್ಟು ಬೇರೆ, ಒತ್ತಿ ಜಾರಿಸುವ ಗುಮುಕಿ ಬೇರೆ ಅಂತ ತಿಳಿಯುತ್ತಲೇ ಇರಲಿಲ್ಲ. ನನಗೆ ಮೊದಲು ಹೊಳೆದದ್ದು ಮತ್ತೆ ಅದೇ, ಹಳೇ ಆಂಪ್ಲಿಫೈಯರಿಗೆ ಹಿಡಿತ ಸಾಲದು ಅಂತ. 22,000ದ ಚೀಟಿ ಇನ್ನೂ ಜೇಬಿನಲ್ಲೇ ಇತ್ತು. ಆದರೆ ಕೊಳ್ಳುವ ಮುಂಚೆ ಸ್ನೇಹಿತನೊಬ್ಬನ ಆಂಪ್ಲಿಫೈಯರ್ ಎರಡು ದಿನಕ್ಕೆ ಕೇಳಿ ತಂದೆ. ಹೊಸದು, ಕಡೆಗೆ 100 ವ್ಯಾಟ್. ಅವನ ಹತ್ತಿರ ಅಳತೆಯ ಯುಎಸ್‌ಬಿ ಮೈಕೂ ಇತ್ತು. ಅದನ್ನೂ ತಂದೆ.

ಎರಡು ಆಂಪ್ಲಿಫೈಯರ್ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಬೇಕು. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಹಾಗಾಗಿ 200 ಹರ್ಟ್ಜಿನ ಸ್ವರ ಬಿಟ್ಟು, ಸ್ಪೀಕರಿನ ಕೊನೆಯಲ್ಲಿ ಮಲ್ಟಿಮೀಟರ್ ಹಿಡಿದು, ಎರಡರಲ್ಲೂ 2.83 ವೋಲ್ಟ್ ಬರುವ ಹಾಗೆ ವಾಲ್ಯೂಮ್ ಇಟ್ಟೆ. 8 ಓಮಿಗೆ 2.83 ವೋಲ್ಟ್ ಅಂದರೆ ಸರಿಯಾಗಿ 1 ವ್ಯಾಟ್. ಒಳಗಿನಿಂದ ಅಮ್ಮ, "ಕಿವಿ ಹೋಗುತ್ತೆ, ಸಣ್ಣಗೆ ಮಾಡೋ" ಅಂದರು. ಒಂದೇ ಒಂದು ವ್ಯಾಟಿಗೆ!

ಆ ಒಂದು ಮಾತಿನಲ್ಲೇ ನನ್ನ ಅರ್ಧ ಪ್ರಶ್ನೆ ತೀರಿತು. 89 ಡೆಸಿಬೆಲ್‌ನ ಸ್ಪೀಕರ್ 1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುತ್ತದೆ. ನಾವು ಕೂರುವುದು ಎರಡೂವರೆ ಮೀಟರಿನ ಆಸುಪಾಸು. ದೂರಕ್ಕೆ 8 ಕಳೆದು, ಎರಡು ಸ್ಪೀಕರ್ ಅಂತ 3 ಕೂಡಿದರೆ 84. ಮನೆಯಲ್ಲಿ ಯಾರೂ ಇದಕ್ಕಿಂತ ಜೋರಾಗಿ ಕೇಳುವುದಿಲ್ಲ. 40 ವ್ಯಾಟಿಗೆ ಇನ್ನೂ 16 ಡೆಸಿಬೆಲ್ ಮೇಲೆ ಹೋಗಬಹುದು, ತನಿಯ ಮುಕ್ತಾಯದ ಪೆಟ್ಟಿಗೂ ಜಾಗ ಇದೆ. 40ರಿಂದ 80 ವ್ಯಾಟಿಗೆ ಹೋದರೆ ಸಿಗುವುದು ಬರೀ 3 ಡೆಸಿಬೆಲ್. ಅದೇ 3 ಡೆಸಿಬೆಲ್ ಬೇಕಿದ್ದರೆ ಸೂಕ್ಷ್ಮತೆ ಜಾಸ್ತಿ ಇರುವ ಸ್ಪೀಕರ್ ಆರಿಸಿದರೂ ಸಿಗುತ್ತದೆ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರೂ ಸಿಗುತ್ತದೆ.

ಸ್ನೇಹಿತನ ಆಂಪ್ಲಿಫೈಯರಿನಲ್ಲಿ ಅದೇ ತನಿ ಹಾಕಿದೆ. ಯಾವುದು ಯಾವುದು ಅಂತ ಅಪ್ಪನಿಗೆ ಹೇಳಲಿಲ್ಲ. ಎರಡರಲ್ಲೂ ಅದೇ ಗುಂಯ್. "ಏನೂ ಬದಲಾಗಲಿಲ್ಲವಲ್ಲೋ" ಅಂದರು. ಚೀಟಿ ಹರಿದು ಹಾಕಿದೆ.

ಇನ್ನು ಉಳಿದದ್ದು ಕೋಣೆ. ನಮ್ಮ ಹಾಲು 16 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟಿರ್ರ್ ಅಂತ ಬಾಲ ಎಳೆಯುತ್ತದೆ. ರೂಮ್ ಈಕ್ಯೂ ವಿಝಾರ್ಡ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಅಪ್ಪನ ತಲೆ ಇರುವ ಜಾಗದಲ್ಲಿ ಮೈಕ್ ಇಟ್ಟು ಅಳೆದೆ. ಗೆರೆ ಸಾಧಾರಣ ಮಟ್ಟಸವಾಗಿ ಬಂದು 70 ಹರ್ಟ್ಜಿನಲ್ಲಿ ಗುಡ್ಡ ಎದ್ದಿತ್ತು. ಅಕ್ಕಪಕ್ಕಕ್ಕಿಂತ 11 ಡೆಸಿಬೆಲ್ ಎತ್ತರ.

ಈ 70 ಎಲ್ಲಿಂದ ಬಂತು? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 16 ಅಡಿ ಅಂದರೆ 4.88 ಮೀಟರ್. 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 35 ಹರ್ಟ್ಜ್. ಎರಡು ಗೋಡೆ ನಡುವೆ ಶಬ್ದ ಹೋಗಿ ಬಂದು ತನ್ನ ಮೇಲೆ ತಾನೇ ಪೇರಿಸಿಕೊಳ್ಳುವುದು ಈ 35ರಲ್ಲಿ, ಅದರ ಎರಡರಷ್ಟಾದ 70ರಲ್ಲಿ, ಹೀಗೆ. ಈಗ ಮೃದಂಗಕ್ಕೆ ಬನ್ನಿ. ಅಪ್ಪನಿಗೆ ಪ್ರಿಯವಾದ ಗಾಯಕರು ಹಾಡುವುದು ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಗೆ. ಆ ಷಡ್ಜ (ಸ) 138.6 ಹರ್ಟ್ಜ್. ಮೃದಂಗದ ಬಲಗಡೆ ಅದಕ್ಕೆ ಸೇರುತ್ತದೆ. ಎಡಗಡೆ ಸುಮಾರಾಗಿ ಅದರ ಕೆಳಗಿನ ಷಡ್ಜಕ್ಕೆ, ಅಂದರೆ 69.3. ನಮ್ಮ ಹಾಲು ಕಟ್ಟಿದ ಮೇಸ್ತ್ರಿ ಗೊತ್ತಿಲ್ಲದೆ ಗೋಡೆಗಳನ್ನೇ ಆ ಶ್ರುತಿಗೆ ಕೂರಿಸಿದ್ದರು. ಎಡಗೈ ಮುಟ್ಟಿದಾಗಲೆಲ್ಲ ಹಾಲು ತಾನೂ ದನಿಗೂಡಿಸುತ್ತಿತ್ತು. ಇದನ್ನು ಕಾಗದದ ಮೇಲೆ ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈ ತರಹದ ಅಲೆ ಗೋಡೆಯ ಹತ್ತಿರ ತುಂಬ ಜೋರು, ಉದ್ದದ ಕಾಲು ಭಾಗದಲ್ಲಿ ಕಡಿಮೆ. ಅಪ್ಪ ಕೂರುತ್ತಿದ್ದದ್ದು ಸರಿಯಾಗಿ ಗೋಡೆಗೆ ತಲೆ ಕೊಟ್ಟು. ಸೋಫಾವನ್ನು ಮುಂದಕ್ಕೆ ಎಳೆದು ತಲೆ ಗೋಡೆಯಿಂದ 3 ಅಡಿ ದೂರ ಬರುವ ಹಾಗೆ ಮಾಡಿದೆ. ಮತ್ತೆ ಅಳೆದೆ. 11 ಡೆಸಿಬೆಲ್ ಗುಡ್ಡ 4ಕ್ಕೆ ಇಳಿದಿತ್ತು. ಖರ್ಚು ಸೊನ್ನೆ. ಅಮ್ಮನಿಗೆ ಮಾತ್ರ ಓಡಾಡುವ ದಾರಿ ಕಿರಿದಾಯಿತು ಅಂತ ಬೇಸರ ಆಯಿತು. ಟೀಪಾಯಿಯನ್ನು ರೂಮಿಗೆ ಸಾಗಿಸಿ ದಾರಿ ಬಿಡಿಸಿಕೊಟ್ಟೆ.

ಶೋಕೇಸಿನ ಗೂಡಿನಿಂದ ಸ್ಪೀಕರುಗಳನ್ನೂ ಹೊರಗೆ ತಂದೆ. ಗೂಡಿನೊಳಗೆ ಇಟ್ಟರೆ ಮರದ ಪೆಟ್ಟಿಗೆ ಪೂರ್ತಿ ಹಾಡುತ್ತದೆ, ಗಾಯಕರ ದನಿ ಕೊಡದೊಳಗಿನಿಂದ ಬಂದ ಹಾಗಿರುತ್ತದೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಎರಡು ಸ್ಟ್ಯಾಂಡ್ ಮಾಡಿಸಿದೆ, 2,400 ರೂಪಾಯಿ. ಕೂತವರ ಕಿವಿ ನೆಲದಿಂದ 38 ಇಂಚು ಎತ್ತರದಲ್ಲಿತ್ತು. ಟ್ವೀಟರ್ ಅಲ್ಲಿಗೇ ಬರುವ ಹಾಗೆ ಅಳತೆ ಕೊಟ್ಟೆ. ಪೈಪಿನೊಳಗೆ ಒಣ ಮರಳು ತುಂಬಿದ್ದರಿಂದ ತಟ್ಟಿದರೆ ಠಣ್ ಅನ್ನುವುದು ನಿಂತಿತು.

ಚಪ್ಪಾಳೆಯ ಬಾಲಕ್ಕೆ ರಾಕ್‌ವೂಲ್, ಅಂದರೆ ಸದ್ದು ಹೀರುವ ಕಲ್ಲಿನ ನಾರು. 50 ಮಿಲಿಮೀಟರ್ ದಪ್ಪ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯದು, ಒಂದು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಹಲಗೆಗಳು. ಆರು ಪ್ಯಾನೆಲ್ ಮಾಡಿದೆ. ಕೈಗವಸು, ಮಾಸ್ಕು, ತುಂಬು ತೋಳಿನ ಅಂಗಿ ಇಲ್ಲದೆ ಇದನ್ನು ಮುಟ್ಟಬೇಡಿ, ಎರಡು ದಿನ ತುರಿಸುತ್ತದೆ. ಸಿಲ್ವರ್ ಓಕ್ ಪಟ್ಟಿಯ ಚೌಕಟ್ಟು, ಮೇಲೆ ಖಾದಿ ಬಟ್ಟೆ. ಬಟ್ಟೆ ಆರಿಸುವಾಗ ಬಾಯಿಗೆ ಹಿಡಿದು ಊದಿ ನೋಡಬೇಕು. ಉಸಿರು ಸಲೀಸಾಗಿ ದಾಟಿದರೆ ಶಬ್ದವೂ ದಾಟುತ್ತದೆ. ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು ನೇತುಹಾಕಿದರೆ ಅದೇ ಹಲಗೆ ಇನ್ನೂ ತಗ್ಗಿನ ಸ್ವರದವರೆಗೂ ಕೆಲಸ ಮಾಡುತ್ತದೆ. ಪಕ್ಕದ ಗೋಡೆಯಲ್ಲಿ ಎಲ್ಲಿ ಹಾಕಬೇಕು ಅಂತ ತಿಳಿಯಲು ಅಕ್ಕನ ಮಗನ ಕೈಯಲ್ಲಿ ಕನ್ನಡಿ ಕೊಟ್ಟು ಗೋಡೆ ಉದ್ದಕ್ಕೂ ಸರಿಸಲು ಹೇಳಿದೆ. ಸೋಫಾದಲ್ಲಿ ಕೂತ ನನಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಸೀಮೆಸುಣ್ಣದ ಗುರುತು. ಪ್ಯಾನೆಲ್ಲಿಗೆ 7,200, ನೆಲದ ಜಮಖಾನಕ್ಕೆ 2,800 ಆಯಿತು. ಹಾಲಿನ ಅನುರಣನ, ಅಂದರೆ ಸದ್ದು ಆರಲು ಹಿಡಿಯುವ ಹೊತ್ತು, 0.9 ಸೆಕೆಂಡಿನಿಂದ 0.6ಕ್ಕೆ ಬಂತು. ಫೋನಿನಲ್ಲಿ ಮಾತಾಡುವಾಗ ಕೂಡ ವ್ಯತ್ಯಾಸ ಗೊತ್ತಾಗುತ್ತದೆ ಅಂತ ಅಮ್ಮ ಹೇಳಿದರು. ದಾರಿ ಕಿರಿದಾದ ಬೇಸರ ಅಲ್ಲಿಗೆ ಮುಗಿಯಿತು.

ಉಳಿದದ್ದು ಬೇಗ ಹೇಳುತ್ತೇನೆ. ಫೋನಿಗೆ 1,600 ರೂಪಾಯಿಯ ಒಂದು ಯುಎಸ್‌ಬಿ ಡ್ಯಾಕ್ ತಂದೆ, ಫೋನಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗುವ ಹಾಗೆ ಬದಲಿಸುವ ಸಾಧನ. ಇದಕ್ಕೆ ಹತ್ತು ಪಟ್ಟು ಬೆಲೆಯವೂ ಇವೆ. ಆದರೆ ನಮ್ಮ ಹಾಲಿನಲ್ಲಿ ಫ್ಯಾನ್ ಎರಡರಲ್ಲಿ ತಿರುಗುತ್ತಿದ್ದರೆ ಮೈಕಿನಲ್ಲಿ 44 ಡೆಸಿಬೆಲ್ ತೋರಿಸುತ್ತದೆ. ಸಿಡಿಯ 16 ಬಿಟ್ ಲೆಕ್ಕಕ್ಕೇ 96 ಡೆಸಿಬೆಲ್ ಹರವು ಇದೆ. ಫ್ಯಾನಿನ ಗಾಳಿಯ ಕೆಳಗೆ ಎಷ್ಟೋ ಮುಳುಗಿಹೋಗುತ್ತದೆ. ದುಬಾರಿ ಡ್ಯಾಕ್ ಕೊಡುವ ವ್ಯತ್ಯಾಸ ಇರುವುದೂ ಅಲ್ಲೇ ಕೆಳಗೆ. ಕ್ಯಾಸೆಟ್ ಡೆಕ್ಕಿಗೆ ಆಲ್ಕೊಹಾಲಿನಲ್ಲಿ ಹೆಡ್ ಒರೆಸಿದೆ. ಕಂದು ಬಣ್ಣದ ಪದರ ಎದ್ದು ಬಂತು, ಜೊತೆಗೆ ಹೋಗಿದ್ದ ತಾರ ಸ್ವರವೂ ಬಂತು.

ವೈರಿಗೆ ಮೀಟರಿಗೆ 900 ಕೊಡಲಿಲ್ಲ. 1.5 ಚದರ ಮಿಲಿಮೀಟರಿನ ತಾಮ್ರದ ಸಾಧಾರಣ ವೈರ್, ಒಟ್ಟು 640 ರೂಪಾಯಿ. ಇದರ ರೋಧ ಕಿಲೋಮೀಟರಿಗೆ ಸುಮಾರು 13 ಓಮ್. ನಮ್ಮದು ಹೋಗಿ ಬರುವ ದಾರಿ ಸೇರಿ 10 ಮೀಟರ್, ಅಂದರೆ 0.13 ಓಮ್. 8 ಓಮಿನ ಸ್ಪೀಕರ್ ಮುಂದೆ ಅದು ಲೆಕ್ಕಕ್ಕಿಲ್ಲ.

ಟಿವಿಯ ಸೆಟ್‌ಟಾಪ್ ಬಾಕ್ಸ್ ಸೇರಿಸಿದಾಗ ಮಾತ್ರ ಗೊಯ್ ಅನ್ನುವ ಸದ್ದು ಬಂತು. ಟಿವಿ ಕೇಬಲ್‌ನ ಅರ್ಥಿಂಗ್ ಬೇರೆ, ಮನೆಯ ಅರ್ಥಿಂಗ್ ಬೇರೆ, ನಡುವೆ ಕರೆಂಟು ಹರಿಯುತ್ತದೆ. ಕೆಲವರು ಆಂಪ್ಲಿಫೈಯರಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ. ಬಾಕ್ಸಿನ ಆಪ್ಟಿಕಲ್ ಔಟ್‌ಪುಟ್ ಉಪಯೋಗಿಸಿದರೆ ಆಯಿತು, ಅದರಲ್ಲಿ ಹೋಗುವುದು ಬೆಳಕು. ಅದಕ್ಕೆ ಬೇಕಾದ ಸಣ್ಣ ಪರಿವರ್ತಕವನ್ನು ಸ್ನೇಹಿತನೇ ಕೊಟ್ಟ.

ಕಾಂಟ್ಯಾಕ್ಟ್ ಕ್ಲೀನರಿನ 350 ಸೇರಿ ಒಟ್ಟು ಖರ್ಚು 16,490 ರೂಪಾಯಿ. ಅದರಲ್ಲಿ 10,000 ಹೋದದ್ದು ಪ್ಯಾನೆಲ್ಲು, ಜಮಖಾನಕ್ಕೆ. ಸ್ಪೀಕರಿಗೆ ಮತ್ತು ಅದರ ಕಾಲಿಗೆ 3,900. ಆಂಪ್ಲಿಫೈಯರಿಗೆ ಬರೀ ಆ 350. ಹಳೇ ಪೆಟ್ಟಿಗೆ ಸಿಗದೆ ಎಲ್ಲ ಹೊಸದೇ ಕೊಳ್ಳಬೇಕಾಗಿದ್ದರೆ 35,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪೀಕರಿಗೆ ಇಡುತ್ತಿದ್ದೆ. ಒಳ್ಳೆಯ ಆಂಪ್ಲಿಫೈಯರಿನ ವಿಕೃತಿ (ಮೂಲ ಸ್ವರ ಕೆಡುವ ಪ್ರಮಾಣ) ಶೇಕಡಾ ಒಂದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರುತ್ತದೆ. ತಗ್ಗಿನ ಸ್ವರದಲ್ಲಿ ಸ್ಪೀಕರಿನದು ಶೇಕಡಾ ಕೆಲವು ಅಂಕಿ ದಾಟುತ್ತದೆ. ಕೋಣೆಯದನ್ನು ಗುಡ್ಡದ ಲೆಕ್ಕದಲ್ಲಿ ಹೇಳಬೇಕು. ತಪ್ಪು ಎಲ್ಲಿ ದೊಡ್ಡದೋ ದುಡ್ಡು ಅಲ್ಲಿಗೆ ಹೋಗಬೇಕು ಅಲ್ವಾ?

ಉಳಿದ 18,510 ರೂಪಾಯಿ ಹಾಗೇ ಇದೆ. 50 ಹರ್ಟ್ಜಿನ ಹತ್ತಿರ ಅಗಲದ ಗೋಡೆಗಳಿಂದ ಇನ್ನೊಂದು ಸಣ್ಣ ದಿಬ್ಬ ಇದೆ, ಮೂಲೆಗಳಿಗೆ ದಪ್ಪ ಪ್ಯಾನೆಲ್ ಮಾಡಬೇಕು. ಬಲಗಡೆಯ ಟ್ವೀಟರಿಗೂ ವಯಸ್ಸಾಗಿದೆ.

ಮೊನ್ನೆ ಭಾನುವಾರ ಅಪ್ಪ ಅದೇ ತನಿ ಮತ್ತೆ ಹಾಕಿಸಿದರು. ಸ್ವಲ್ಪ ಹೊತ್ತು ಕೇಳಿ, ಎದ್ದು ಫ್ಯಾನ್ ಆರಿಸಿ ಬಂದು ಕೂತರು. ಎಡಗೈ ತೊಡೆಯ ಮೇಲೆ ಆಡಲು ಶುರುವಾಯಿತು. ಒಂದು ಕಡೆ ಗುಮುಕಿ ಬಂದಾಗ ಅಂಗೈಯ ಬುಡ ಒತ್ತಿ ಜಾರಿಸಿ, "ಹೂಂ, ಈಗ ಕೇಳಿಸ್ತು" ಅಂದರು. ಬೀರುವಿನಿಂದ ಇನ್ನೂ ನಾಲ್ಕು ಕ್ಯಾಸೆಟ್ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದರು.